ಏಳು ಬೀಜಗಳು ಮತ್ತು ಅವುಗಳ ಹಿಂದಿನ ಕಾಡು

ಹಝ್ರತ್ ಬಾಬಾ ಬುಡನ್‌ರ ಹೆಸರು ಕೇಳದ ಮುಸ್ಲಿಂ ಮನೆ ಕರ್ನಾಟಕದಲ್ಲಿ ಅಪರೂಪ. ಹಜ್ಜ್ ಮುಗಿಸಿ ಬರುವಾಗ ಯಮನ್‌ನಿಂದ ಏಳು ಕಾಫಿ ಬೀಜ ತಂದರು, ಚಂದ್ರದ್ರೋಣ ಬೆಟ್ಟದಲ್ಲಿ ನೆಟ್ಟರು, ಅಲ್ಲಿಂದ ನಾಡಿನಲ್ಲಿ ಕಾಫಿ ಹಬ್ಬಿತು. ಇಷ್ಟನ್ನು ನಮ್ಮ ಮಕ್ಕಳೂ ಹೇಳಬಲ್ಲರು. ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ. ಆ ಬೀಜ ಮೂಲದಲ್ಲಿ ಯಾವ ಕಾಡಿನದು, ಬರೀ ಏಳು ಬೀಜದಿಂದ ಒಂದು ಬೆಳೆ ಹಬ್ಬಲು ಹೇಗೆ ಸಾಧ್ಯವಾಯಿತು, ಹಬ್ಬಿದ ಮೇಲೆ ಅದಕ್ಕೆ ಬಂದ ಗಂಡಾಂತರ ಯಾವುದು, ಉಳಿಸಿದ್ದು ಯಾವುದು ಎಂದು ನಾವು ಕೇಳಿಕೊಂಡದ್ದು ಕಡಿಮೆ. ಬೀಜ ತಂದವರನ್ನು ನೆನೆಯುವ ನಾವು ಬೀಜವನ್ನು ಸಾಕಿದ ಕಾಡನ್ನು ಮರೆತಿದ್ದೇವೆ.

ಅರೇಬಿಕಾ ಎಂಬ ಹೆಸರು ನೋಡಿ ಇದು ಅರಬ್ ನಾಡಿನ ಗಿಡವೆಂದು ತಿಳಿಯುವವರಿದ್ದಾರೆ. ಆ ಹೆಸರು 1753ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನ್ನೇಯಸ್ ಕೊಟ್ಟದ್ದು. ಯುರೋಪಿಗೆ ಕಾಫಿ ಸಿಕ್ಕಿದ್ದು ಅರಬರ ಬಂದರುಗಳಿಂದ, ಆದ್ದರಿಂದ ಆ ಹೆಸರು. ಗಿಡದ ತವರು ಕೆಂಪು ಸಮುದ್ರದ ಆಚೆಯ ದಡದಲ್ಲಿದೆ. ಇಥಿಯೋಪಿಯಾದ ನೈಋತ್ಯ ಭಾಗದ ಎತ್ತರದ ಮಳೆಕಾಡುಗಳು ಅದರ ಮನೆ. ನಮ್ಮ ಇತಿಹಾಸದಲ್ಲಿ ಆ ದೇಶ ಹಬಶ. ಮಕ್ಕಾದ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರು ಹಿಜ್ರಾ ಹೋಗಿ ನಜ್ಜಾಶಿ ದೊರೆಯ ಆಶ್ರಯ ಪಡೆದದ್ದು ಅದೇ ನಾಡಿನ ಬಡಗಣ ಭಾಗದಲ್ಲಿ. ಕಾಫಿ ಬೆಳೆಯುವುದು ತೆಂಕಣದಲ್ಲಿ, ದೊಡ್ಡ ಮರಗಳ ಕೆಳಗೆ, ಅರೆನೆರಳಿನಲ್ಲಿ.

ಕಾಡಿನಲ್ಲಿ ಕಾಫಿಗೆ ಕೈಕಾಲು ಹಕ್ಕಿ ಮತ್ತು ಮಂಗಗಳೇ. ಹಣ್ಣು ಕೆಂಪಾಗಿ ಕಣ್ಣಿಗೆ ಬೀಳುತ್ತದೆ, ತಿರುಳು ಸಿಹಿಯಾಗಿರುತ್ತದೆ. ತಿಂದವರು ಬೀಜವನ್ನು ಉಗಿಯುತ್ತಾರೆ, ಇಲ್ಲವೆ ಹೊಟ್ಟೆಯಲ್ಲಿ ಹೊತ್ತುಕೊಂಡು ಹೋಗಿ ದೂರದಲ್ಲಿ ಬೀಳಿಸುತ್ತಾರೆ. ಆ ತಿರುಳು ಸಾಗಾಟದ ಕೂಲಿ ಎನ್ನಬಹುದು. ಗಿಡ ಇಷ್ಟು ಖರ್ಚು ಮಾಡುವುದಕ್ಕೆ ಕಾರಣವಿದೆ. ತಾಯಿಗಿಡದ ಬುಡದಲ್ಲೇ ಬಿದ್ದ ಬೀಜಕ್ಕೆ ಬೆಳಕು ಸಾಲದು, ಬೇರಿಗೆ ಜಾಗ ಸಾಲದು, ತಾಯಿಗೆ ಹತ್ತಿದ ಹುಳ ರೋಗಗಳೂ ಮೊದಲು ಹಾರಿ ಕೂರುವುದು ಅದರ ಮೇಲೆಯೇ. ದೂರ ಬಿದ್ದ ಬೀಜಕ್ಕೆ ಬದುಕುವ ಅವಕಾಶ ಹೆಚ್ಚು. ನಮ್ಮ ಮಲೆನಾಡಿನ ತೋಟಗಳಲ್ಲಿ ಪುನುಗು ಬೆಕ್ಕು ಮಾಡುವುದೂ ಇದೇ ಕೆಲಸ. ಚೆನ್ನಾಗಿ ಹಣ್ಣಾದದ್ದನ್ನೇ ಆರಿಸಿ ತಿಂದು, ಬೀಜವನ್ನು ಇಡಿಯಾಗಿ ಹಿಕ್ಕೆಯಲ್ಲಿ ಬಿಟ್ಟು ಹೋಗುತ್ತದೆ. ಆ ಬೀಜವನ್ನು ಆಯ್ದು ತೊಳೆದು ದುಬಾರಿ ಬೆಲೆಗೆ ಮಾರುವ ವ್ಯಾಪಾರ ಈಗ ಬೆಳೆದಿದೆ. ಅದು ಬೇರೆ ಮಾತು.

ಹಣ್ಣು ಹೀಗೆ ಕೈಬೀಸಿ ಕರೆದರೆ ಬೀಜ ಮತ್ತು ಎಲೆ ಹತ್ತಿರ ಬಂದವರನ್ನು ತಡೆಯುತ್ತವೆ. ಕೆಫೀನ್ ಎಂಬ ಕಹಿ ವಸ್ತು ಗಿಡದಲ್ಲಿರುವುದು ಮುಖ್ಯವಾಗಿ ಹುಳಗಳಿಂದ ತನ್ನನ್ನು ಕಾಯ್ದುಕೊಳ್ಳಲು. ಕೊಳೆತ ಎಲೆ, ಬಿದ್ದ ಬೀಜಗಳಿಂದ ಅದು ಮಣ್ಣಿಗಿಳಿದು ಸುತ್ತಲಿನ ಬೇರೆ ಬೀಜಗಳ ಮೊಳಕೆಯನ್ನೂ ತಡೆಯಬಲ್ಲದು. ಹೂವಿನ ಮಕರಂದದಲ್ಲಿ ಮಾತ್ರ ಅದು ಬಲು ಸ್ವಲ್ಪ ಇರುತ್ತದೆ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಆ ಪ್ರಮಾಣದ ಕೆಫೀನ್ ಕುಡಿದ ಜೇನುನೊಣಗಳು ಹೂವಿನ ವಾಸನೆಯನ್ನು ಹೆಚ್ಚು ಹೊತ್ತು ನೆನಪಿಟ್ಟುಕೊಂಡವು. ಒಂದೇ ವಸ್ತು ಹುಳಕ್ಕೆ ವಿಷ, ಜೇನಿಗೆ ನೆನಪು. ರಾತ್ರಿಯ ಇಬಾದತ್ತಿಗೆ ಎದ್ದು ಕುಳಿತ ಸೂಫಿಗಳಿಗೆ ಎಚ್ಚರ.

ಯಮನ್‌ನ ಮೆಟ್ಟಿಲು ಹೊಲಗಳು

15ನೇ ಶತಮಾನದ ಹೊತ್ತಿಗೆ ಕಾಫಿ ಯಮನ್‌ನಲ್ಲಿ ಪಾನೀಯವಾಗಿತ್ತು. ಅದನ್ನು ಮೊದಲು ರೂಢಿಗೆ ತಂದವರು ಯಾರು ಎಂಬ ಬಗ್ಗೆ ಹಳೆಯ ಬರಹಗಳಲ್ಲೇ ಎರಡು ಮಾತಿದೆ. ಮೋಖಾ ಬಂದರಿನ ಜನ ತಮ್ಮ ಊರಿನ ಸೂಫಿ ಅಲಿ ಇಬ್ನ್ ಉಮರ್ ಅಶ್ಶಾದುಲಿಯವರ ಹೆಸರು ಹೇಳುತ್ತಿದ್ದರು. ಅಲ್ಜೀರಿಯಾದಲ್ಲಿ ಕಾಫಿಗೆ ಶಾದುಲಿಯ್ಯಾ ಎಂಬ ಹೆಸರೇ ಬಂದಿತ್ತು. ಏಡನ್‌ನ ಮುಫ್ತಿಯಾಗಿದ್ದ ಜಮಾಲುದ್ದೀನ್ ಅದ್ದಬ್ಹಾನಿಯವರ ಹೆಸರನ್ನು ಹೇಳುವವರೂ ಇದ್ದರು. ಇದನ್ನೆಲ್ಲ ದಾಖಲಿಸಿದವರಲ್ಲಿ ಮುಖ್ಯರು ಅಬ್ದುಲ್ ಖಾದಿರ್ ಅಲ್ ಜಝೀರಿ. 16ನೇ ಶತಮಾನದ ಮಧ್ಯದಲ್ಲಿ ಅವರು ಕಾಫಿ ಕುಡಿಯುವುದು ಹಲಾಲೋ ಅಲ್ಲವೋ ಎಂಬ ಪ್ರಶ್ನೆಯ ಸುತ್ತಲೇ ಒಂದು ಗ್ರಂಥ ಬರೆದರು. ಕೈರೋದಲ್ಲಿದ್ದ ಯಮನೀ ಸೂಫಿಗಳು ಸೋಮವಾರ ಮತ್ತು ಶುಕ್ರವಾರದ ರಾತ್ರಿಗಳಲ್ಲಿ ಸೇರಿ, ಕೆಂಪು ಮಣ್ಣಿನ ದೊಡ್ಡ ಪಾತ್ರೆಯಿಂದ ಕಾಫಿ ಹಂಚಿಕೊಂಡು ಝಿಕ್ರ್ ಮಾಡುತ್ತಿದ್ದುದನ್ನು ಅದರಲ್ಲಿ ಓದಬಹುದು.

ಹಿಜರಿ 917ರಲ್ಲಿ, ಅಂದರೆ ಕ್ರಿ.ಶ. 1511ರಲ್ಲಿ, ಮಕ್ಕಾದ ಅಧಿಕಾರಿ ಖಾಇರ್ ಬೇಗ್ ಹರಮ್‌ನ ಬಳಿ ರಾತ್ರಿ ಗುಂಪಾಗಿ ಕಾಫಿ ಕುಡಿಯುತ್ತಿದ್ದವರನ್ನು ಕಂಡು, ವಿದ್ವಾಂಸರನ್ನೂ ವೈದ್ಯರನ್ನೂ ಕರೆಸಿ, ಅದನ್ನು ನಿಷೇಧಿಸಿದ. ಕಾಫಿಯನ್ನು ಬೀದಿಯಲ್ಲಿ ಸುಡಲಾಯಿತು. ಕೈರೋದ ಸುಲ್ತಾನನ ಆಸ್ಥಾನ ಪೂರ್ಣ ನಿಷೇಧವನ್ನು ಒಪ್ಪಲಿಲ್ಲ. ಮುಂದೆ ಕಾಫಿ ಗೆದ್ದದ್ದು ನಮಗೆಲ್ಲ ಗೊತ್ತೇ ಇದೆ. ಅದನ್ನು ಖಂಡಿಸಿದವರೂ ಬೆಂಬಲಿಸಿದವರೂ ಇಬ್ಬರೂ ಉಲಮಾಗಳೇ ಆಗಿದ್ದರು ಎಂಬುದನ್ನು ಇಂದಿನ ನಮ್ಮ ಚರ್ಚೆಗಳಲ್ಲಿ ನೆನಪಿಟ್ಟುಕೊಂಡರೆ ಒಳ್ಳೆಯದು.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಬೇರೊಂದಿದೆ. ಹಬಶದ ಕಾಡಿನಲ್ಲಿ ಕಾಫಿಯ ಲೆಕ್ಕವಿಲ್ಲದಷ್ಟು ಬಗೆಗಳಿದ್ದವು. ಒಂದಕ್ಕೆ ಬರ ತಾಳುವ ಶಕ್ತಿ, ಒಂದಕ್ಕೆ ರೋಗ ತಡೆಯುವ ಶಕ್ತಿ, ಒಂದರ ಚಿಗುರು ಹಸಿರು, ಇನ್ನೊಂದರದು ಕಂದು. ಸಮುದ್ರ ದಾಟಿ ಯಮನ್‌ನ ಮೆಟ್ಟಿಲು ಹೊಲಗಳಿಗೆ ಬಂದದ್ದು ಅವುಗಳಲ್ಲಿ ಕೆಲವು ಮಾತ್ರ. ಯಾರು ಬೀಜ ಹೊತ್ತು ತಂದರೂ ಇಡೀ ಕಾಡನ್ನು ಹೊತ್ತು ತರಲಾರರಷ್ಟೆ. ಇದು ಮೊದಲ ಸೋಸುವಿಕೆ.

ಮೋಖಾದಿಂದ ಹೊರಡುತ್ತಿದ್ದ ಕಾಫಿ ಮೊಳಕೆಯೊಡೆಯದಂತೆ ಬೀಜವನ್ನು ಬೇಯಿಸಿ ಅಥವಾ ಹುರಿದು ಕಳಿಸುತ್ತಿದ್ದರೆಂಬ ಮಾತು ಪ್ರಚಾರದಲ್ಲಿದೆ. ಅಷ್ಟು ಕಟ್ಟುನಿಟ್ಟು ಇದ್ದಿರಲಿ, ಇಲ್ಲದಿರಲಿ, ಕಾಫಿ ಬೀಜ ರಾಗಿ ಗೋಧಿಯಂತೆ ವರ್ಷಗಟ್ಟಲೆ ಜೀವ ಹಿಡಿದಿಡುವಂಥದ್ದಲ್ಲ. ಕೆಲವು ತಿಂಗಳು ಕಳೆದರೆ ಮೊಳಕೆಯ ಶಕ್ತಿ ಇಳಿಯುತ್ತದೆ. ಹಾಯಿಹಡಗಿನ ಕಾಲದಲ್ಲಿ ಅದೇ ಒಂದು ದೊಡ್ಡ ಬೇಲಿ.

ಬಾಬಾ ಬುಡನ್ ಆ ಬೇಲಿ ದಾಟಿದರು ಎನ್ನುತ್ತದೆ ನಮ್ಮ ನಾಡಿನ ಹೇಳಿಕೆ. ಕಾಲ 17ನೇ ಶತಮಾನ. ಬೀಜವನ್ನು ಸೊಂಟಕ್ಕೆ ಕಟ್ಟಿಕೊಂಡು ಬಂದರೆಂದು ಕೆಲವರು, ಗಡ್ಡದಲ್ಲಿ ಅಡಗಿಸಿ ತಂದರೆಂದು ಕೆಲವರು ಹೇಳುತ್ತಾರೆ. ಏಳು ಎಂಬುದು ಎಣಿಸಿದ ಲೆಕ್ಕವೋ ಗೌರವದ ಸಂಖ್ಯೆಯೋ ಎಂದು ಕೇಳಬಹುದು. ಹಜ್ಜ್‌ನಲ್ಲಿ ತವಾಫ್ ಏಳು ಸುತ್ತು, ಸಫಾ-ಮರ್ವಾಗಳ ನಡುವಿನ ಓಟ ಏಳು ಸಲ. ಅಲ್ಲಿಂದ ಬಂದವರ ಕೈಯಲ್ಲಿ ಏಳು ಬೀಜ ಇರುವುದು ಕಿವಿಗೆ ಹಿತವಾಗಿಯೇ ಇದೆ. ನಮಗೆ ಅನಿಸುವಂತೆ ಸಂಖ್ಯೆ ಏಳೇ ಇರಲಿ ಎಪ್ಪತ್ತೇ ಇರಲಿ, ಕಥೆಯ ತಿರುಳು ನಿಜ. ಬಂದ ಬೀಜ ಬಹಳ ಕಡಿಮೆ. ಮತ್ತು ಆ ಶತಮಾನ ಮುಗಿಯುವ ಮೊದಲೇ ಈ ಕರಾವಳಿಯ ಹಿಂದಿನ ಬೆಟ್ಟಗಳಲ್ಲಿ ಕಾಫಿ ಇದ್ದಿತೆನ್ನಲು ಮಲಬಾರಿನಿಂದ ಗಿಡ ಒಯ್ದ ಡಚ್ಚರೇ ಸಾಕ್ಷಿ.

ಇದನ್ನು ಕಳ್ಳಸಾಗಣೆ ಎಂದು ನಗುತ್ತ ಬರೆಯುವವರಿದ್ದಾರೆ. ಆ ಮಾತಿಗೆ ನಮ್ಮ ಒಪ್ಪಿಗೆಯಿಲ್ಲ. ಯಮನ್ನರಿಗೂ ಆ ಬೀಜ ಹಬಶದ ಕಾಡಿನಿಂದ ಬಂದದ್ದೇ. ಬಾಬಾ ಬುಡನ್ ಅದರಿಂದ ಕಂಪನಿ ಕಟ್ಟಲಿಲ್ಲ. ಅದು ಒಂದೂವರೆ ಶತಮಾನದಷ್ಟು ಕಾಲ ಹಿತ್ತಲ ಗಿಡವಾಗಿಯೇ ಇತ್ತು. ಹಝ್ರತ್ ದಾದಾ ಹಯಾತ್ ಮೀರ್ ಖಲಂದರ್‌ರ ಗುಹೆಯಿರುವ ಆ ಬೆಟ್ಟಕ್ಕೆ ಹಿಂದೂಗಳೂ ಮುಸ್ಲಿಮರೂ ತಲೆಮಾರುಗಳಿಂದ ನಡೆದುಕೊಂಡು ಬಂದಿದ್ದಾರೆ. ಈಚಿನ ದಶಕಗಳಲ್ಲಿ ಆ ಬೆಟ್ಟದ ಹೆಸರು ಪತ್ರಿಕೆಯಲ್ಲಿ ಬಂದರೆ ಅದು ವ್ಯಾಜ್ಯದ ಸುದ್ದಿಯೇ ಆಗಿರುತ್ತದೆ. ಬೀಜದ ಕಥೆ ಮೂಲೆಗೆ ಸರಿದಿದೆ.

ಒಂದೇ ಗಿಡದ ಮಕ್ಕಳು

ಏಳು ಬೀಜದಿಂದ ಬೆಳೆ ಹಬ್ಬಲು ಗಿಡದ ಒಂದು ಗುಣ ನೆರವಾಯಿತು. ಅರೇಬಿಕಾದ ಹೂವು ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ಒಂಟಿ ಗಿಡವೂ ಹಣ್ಣು ಬಿಡುತ್ತದೆ, ಮಕ್ಕಳು ತಾಯಿಯನ್ನೇ ಹೋಲುತ್ತವೆ. ರೊಬಸ್ಟಾ ಹಾಗಲ್ಲ. ಅದಕ್ಕೆ ಬೇರೆ ಗಿಡದ ಪರಾಗ ಬೇಕೇ ಬೇಕು, ಗಾಳಿಯೋ ಜೇನೋ ತಂದುಕೊಡಬೇಕು. ಬಂದದ್ದು ರೊಬಸ್ಟಾ ಆಗಿದ್ದು, ಒಂದೇ ಗಿಡ ಬದುಕಿದ್ದರೆ ಕಥೆ ಅಲ್ಲೇ ಮುಗಿಯುತ್ತಿತ್ತು.

ಅರೇಬಿಕಾ ಹೀಗಿರುವುದಕ್ಕೆ ಅದರ ಹುಟ್ಟೇ ಕಾರಣ. ರೊಬಸ್ಟಾ ಮತ್ತು ಯುಜೆನಿಯಾಯ್ಡಿಸ್ ಎಂಬ ಎರಡು ಕಾಡು ಕಾಫಿಗಳು ಆಕಸ್ಮಿಕವಾಗಿ ಕೂಡಿ ಹುಟ್ಟಿದ ಗಿಡ ಅದು. ಅವುಗಳಲ್ಲಿ 22 ವರ್ಣತಂತುಗಳಿದ್ದರೆ ಅರೇಬಿಕಾದಲ್ಲಿ 44. ಈ ಕೂಡಿಕೆ ನಡೆದು ಸುಮಾರು 6 ಲಕ್ಷ ವರ್ಷಗಳಾಗಿವೆ ಎಂದು 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನವೊಂದು ಅಂದಾಜಿಸಿದೆ. ಅಷ್ಟು ದೊಡ್ಡ ಆಸ್ತಿಯಲ್ಲಿ ಇಡೀ ಜಾತಿ ಹುಟ್ಟಿದ್ದೇ ಇಷ್ಟು ಸಣ್ಣ ಗಂಟಿನಿಂದ. ಆ ಗಂಟಿನಲ್ಲೂ ಮನುಷ್ಯ ಎತ್ತಿಕೊಂಡದ್ದು ಒಂದು ಚಿಟಿಕೆ.

ಆ ಚಿಟಿಕೆ ಮುಂದೆ ಇನ್ನೂ ಸಣ್ಣದಾಯಿತು. 1696ರಲ್ಲಿ ಡಚ್ಚರು ಮಲಬಾರಿನಿಂದ ಜಾವಾಕ್ಕೆ ಕಾಫಿ ಗಿಡ ಕಳಿಸಿದರು. ಅವು ನೆರೆಗೆ ಸಿಕ್ಕಿ ಹೋದವು. 1699ರಲ್ಲಿ ಮತ್ತೆ ಕಳಿಸಿದರು, ಅವು ಬೇರೂರಿದವು. 1706ರಲ್ಲಿ ಜಾವಾದಿಂದ ಆಮ್‌ಸ್ಟರ್‌ಡ್ಯಾಮ್‌ನ ಸಸ್ಯೋದ್ಯಾನಕ್ಕೆ ಗಿಡ ಹೋಯಿತು. ಅದರ ಮರಿ 1714ರಲ್ಲಿ ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆಯಾಯಿತು. ಪ್ಯಾರಿಸ್ಸಿನಲ್ಲಿ ಗಾಜಿನ ಮನೆಯಲ್ಲಿ ಬೆಳೆದ ಆ ಗಿಡದ ಸಂತಾನವೊಂದನ್ನು 1720ರ ದಶಕದಲ್ಲಿ ಗೇಬ್ರಿಯಲ್ ದ ಕ್ಲ್ಯೂ ಎಂಬ ನೌಕಾಧಿಕಾರಿ ಅಟ್ಲಾಂಟಿಕ್ ದಾಟಿಸಿ ಮಾರ್ಟಿನಿಕ್ ದ್ವೀಪಕ್ಕೆ ಒಯ್ದ. ಹಡಗಿನಲ್ಲಿ ಕುಡಿಯುವ ನೀರಿಗೆ ತತ್ವಾರವಾದಾಗ ತನ್ನ ಪಾಲಿನ ನೀರನ್ನು ಗಿಡಕ್ಕೆ ಹಂಚಿಕೊಟ್ಟೆನೆಂದು ಆತನೇ ಬರೆದಿದ್ದಾನೆ. ಬ್ರೆಝಿಲ್‌ಗೆ ಕಾಫಿ ಹೋದದ್ದು 1727ರಲ್ಲಿ, ಫ್ರೆಂಚ್ ಗಯಾನಾದಿಂದ. ಅದು ಬಿಟ್ಟರೆ ಫ್ರೆಂಚರು 1715ರಲ್ಲಿ ಯಮನ್‌ನಿಂದಲೇ ನೇರವಾಗಿ ಬೋರ್ಬನ್ ದ್ವೀಪಕ್ಕೆ ಒಯ್ದ ಗಿಡಗಳಿವೆ. ಲ್ಯಾಟಿನ್ ಅಮೆರಿಕದ ಹಳೆಯ ತಳಿಗಳು ಬಹುತೇಕ ಈ ಎರಡು ಕವಲಿಗೆ ಸೇರಿದವು.

ಗಿಡಕ್ಕೆ ನೀರು ಹಂಚಿದ ನೌಕಾಧಿಕಾರಿಯ ಕಥೆಯನ್ನು ಯುರೋಪಿನವರು ಪ್ರೀತಿಯಿಂದ ಹೇಳುತ್ತಾರೆ. ಆ ಗಿಡ ಹೋಗಿ ಇಳಿದ ದ್ವೀಪಗಳಲ್ಲಿ ತೋಟದ ಕೆಲಸ ಮಾಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಬ್ರೆಝಿಲ್‌ನಲ್ಲಿ ಗುಲಾಮಗಿರಿ ನಿಂತದ್ದು 1888ರಲ್ಲಿ. ಜಾವಾದ ರೈತರು ಡಚ್ ಕಂಪನಿಗೆ ಬಲವಂತದ ಕಾಫಿ ಬೆಳೆದುಕೊಟ್ಟರು. ಬೀಜದ ವಂಶವೃಕ್ಷ ಬರೆಯುವಾಗ ಇವರನ್ನು ಬಿಟ್ಟು ಬರೆಯಲಾಗದು.

ಹೀಗೆ 19ನೇ ಶತಮಾನದ ಹೊತ್ತಿಗೆ ಜಗತ್ತಿನ ಮೂರು ಖಂಡಗಳಲ್ಲಿ ಲಕ್ಷಗಟ್ಟಲೆ ಎಕರೆ ಕಾಫಿ ಇತ್ತು. ನೋಡಲು ಅಪಾರ, ಒಳಗೆ ಎಲ್ಲವೂ ಒಡಹುಟ್ಟಿದವು. ಒಂದಕ್ಕೆ ಬಂದ ರೋಗ ಎಲ್ಲಕ್ಕೂ ಬರುವ ಸ್ಥಿತಿ.

1869ರಲ್ಲಿ ಸಿಲೋನಿನ ಕಾಫಿ ಎಲೆಗಳ ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಪುಡಿ ಕಾಣಿಸಿಕೊಂಡಿತು. ಎಲೆ ತುಕ್ಕು ರೋಗ. ಅದೂ ಬೀಜದಂತೆಯೇ ಸಾಗುವ ಜೀವಿ. ಕಣ್ಣಿಗೆ ಕಾಣದ ಅದರ ಕಣಗಳನ್ನು ಗಾಳಿ ಹೊರುತ್ತದೆ, ಮಳೆಹನಿ ಚಿಮ್ಮಿಸುತ್ತದೆ. ಎಲೆ ಉದುರಿದ ಗಿಡ ಬರಡಾಗುತ್ತದೆ. ಆಗ ಆ ದ್ವೀಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಎಕರೆ ಕಾಫಿ ಇತ್ತು, ಬಹುಪಾಲು ಕಾಡು ಸವರಿ ಬೆಟ್ಟದಿಂದ ಬೆಟ್ಟಕ್ಕೆ ಎಡೆಬಿಡದೆ ನೆಟ್ಟದ್ದು. 1880ರಲ್ಲಿ ಅಲ್ಲಿಗೆ ಹೋದ ಹ್ಯಾರಿ ಮಾರ್ಷಲ್ ವಾರ್ಡ್ ಎಂಬ ತರುಣ ವಿಜ್ಞಾನಿ ಗಾಜಿನ ಪಟ್ಟಿಗಳನ್ನು ತೋಟದಲ್ಲಿಟ್ಟು ಗಾಳಿಯಲ್ಲಿ ತೇಲಿ ಬರುವ ತುಕ್ಕಿನ ಕಣಗಳನ್ನು ಹಿಡಿದು ನೋಡಿದರು. ನಡುವೆ ಬೇರೆ ಮರಗಳ ತಡೆಯಿಲ್ಲದೆ ಒಂದೇ ಬೆಳೆ ಹಾಸಿದ್ದೇ ರೋಗಕ್ಕೆ ಹಾದಿಯಾಯಿತು ಎಂಬುದು ಅವರು ಕೊಟ್ಟ ಎಚ್ಚರಿಕೆ. ಔಷಧಿ ಕೇಳಿದ್ದ ತೋಟಗಾರರಿಗೆ ಅದು ರುಚಿಸಲಿಲ್ಲ. ಕೆಲವೇ ವರ್ಷಗಳಲ್ಲಿ ಸಿಲೋನ್ ಕಾಫಿ ಬಿಟ್ಟು ಚಹಾಕ್ಕೆ ಹೋಯಿತು.

ನಮ್ಮ ಬೆಟ್ಟಗಳು ತಾಳಿಕೊಂಡ ಬಗೆ

ತುಕ್ಕು ರೋಗ ಮೈಸೂರು ಸೀಮೆಗೂ ಕೊಡಗಿಗೂ ಬೇಗನೇ ಬಂತು. ಅದಕ್ಕೂ ಮೊದಲೇ, 1860ರ ದಶಕದಲ್ಲಿ, ಬಿಳಿ ಕಾಂಡಕೊರಕ ಇಲ್ಲಿ ಹಾವಳಿ ಎಬ್ಬಿಸಿತ್ತು. ಈ ದುಂಬಿ ಬಿಸಿಲು ಬೀಳುವ ಕಾಂಡವನ್ನೇ ಹುಡುಕಿ, ತೊಗಟೆಯ ಸೀಳಿನಲ್ಲಿ ಮೊಟ್ಟೆಯಿಡುತ್ತದೆ. ಮರಿ ಒಳಗೆ ಸುರಂಗ ಕೊರೆಯುತ್ತದೆ. ಕಾಡನ್ನು ಪೂರ್ತಿ ಬೋಳಿಸಿ ಬಟಾಬಯಲಲ್ಲಿ ಕಾಫಿ ನೆಟ್ಟಿದ್ದ ಬ್ರಿಟಿಷ್ ತೋಟಗಳು ಒಣಗಿ ನಿಂತವು. ಇದನ್ನು ಪರಿಶೀಲಿಸಲು ಮದ್ರಾಸ್ ಸರ್ಕಾರ ನೇಮಿಸಿದ ಜಾರ್ಜ್ ಬಿಡಿ 1869ರ ವರದಿಯಲ್ಲಿ ನೆರಳಿನ ಅಗತ್ಯವನ್ನು ಒತ್ತಿ ಹೇಳಿದರು. ಮಂಜರಾಬಾದಿನಲ್ಲಿ ತೋಟ ಮಾಡಿದ್ದ ರಾಬರ್ಟ್ ಎಲಿಯಟ್ 1894ರ ತನ್ನ ಪುಸ್ತಕದಲ್ಲಿ ನೆರಳಿಗೇ ಒಂದು ಅಧ್ಯಾಯ ಮೀಸಲಿಟ್ಟು, ಗೋಣಿ, ಬಸರಿ ಎಂದು ನಮ್ಮ ಜನ ಕರೆಯುವ ಹೆಸರುಗಳಲ್ಲೇ ಮರಗಳನ್ನು ಪಟ್ಟಿ ಮಾಡಿದ್ದಾನೆ. ಕಾಫಿ ಮರದಡಿಯ ಗಿಡ ಎಂಬುದು ಹಬಶದ ಕಾಡಿಗೆ ಮೊದಲೇ ಗೊತ್ತಿತ್ತು. ಆ ನೆರಳು ನಮ್ಮ ಪಶ್ಚಿಮಘಟ್ಟದ ಕಾಡಿನಲ್ಲಿ ಸಿದ್ಧವಾಗಿ ಸಿಕ್ಕಿತು. ಬಾಬಾ ಬುಡನ್‌ರ ಬೀಜ ಬದುಕಿದ್ದರಲ್ಲಿ ಅರ್ಧ ಪಾಲು ಆ ಮರಗಳದು.

ಇನ್ನರ್ಧ ಪಾಲು ಬೆರಕೆಯದು. 1911ರಲ್ಲಿ ಕೆಂಟ್ ಎಂಬ ತೋಟಗಾರ ಮೈಸೂರು ಸೀಮೆಯ ತನ್ನ ತೋಟದಲ್ಲಿ, ಸುತ್ತಲಿನವೆಲ್ಲ ತುಕ್ಕು ಹಿಡಿದಾಗಲೂ ಹಸಿರಾಗಿದ್ದ ಒಂದು ಗಿಡವನ್ನು ಗುರುತಿಸಿದ. ಅದರ ಬೀಜ ಕೆಂಟ್ಸ್ ಎಂಬ ತಳಿಯಾಗಿ ಜನಪ್ರಿಯವಾಯಿತು. ಕೆಲವು ವರ್ಷ ಕಳೆಯುವುದರೊಳಗೆ ಅದಕ್ಕೂ ತುಕ್ಕು ಬಂತು. ಕಾರಣ ಗೊತ್ತಾದದ್ದು ಬಾಳೆಹೊನ್ನೂರಿನಲ್ಲಿ. ಮೈಸೂರು ಸರ್ಕಾರ 1925ರಲ್ಲಿ ಅಲ್ಲಿ ತೆರೆದ ಕಾಫಿ ಪ್ರಯೋಗ ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಮೇನ್ ಎಂಬ ವಿಜ್ಞಾನಿ, ತುಕ್ಕು ಒಂದೇ ಬಗೆಯದಲ್ಲ, ಅದರಲ್ಲೂ ಬೇರೆ ಬೇರೆ ಕುಲಗಳಿವೆ ಎಂದು 1930ರ ದಶಕದಲ್ಲಿ ತೋರಿಸಿದರು. ಗಿಡ ಒಂದು ಬೀಗ ಹಾಕಿದರೆ ರೋಗ ಇನ್ನೊಂದು ಕೀಲಿ ತರುತ್ತದೆ. ಬೇರೆ ಬೇರೆ ಬೀಗ ಬೇಕೆಂದರೆ ಬೇರೆ ಬೇರೆ ಗಿಡ ಬೇಕು. ಒಂದೇ ತಾಯಿಯ ಮಕ್ಕಳಲ್ಲಿ ಅದು ಸಿಗದು.

ಸಿಕ್ಕಿದ್ದು ಎಲ್ಲೂ ಎಣಿಸದ ಕಡೆಯಿಂದ. ತುಕ್ಕು ಬಂದ ಮೇಲೆ ತೋಟಗಾರರು ಪಶ್ಚಿಮ ಆಫ್ರಿಕಾದ ಲೈಬೀರಿಕಾ ಎಂಬ ಎತ್ತರದ ಕಾಫಿ ಮರವನ್ನು ತರಿಸಿ ಅಲ್ಲಲ್ಲಿ ನೆಟ್ಟಿದ್ದರು. ಅದರ ಪರಾಗ ಅರೇಬಿಕಾ ಹೂವಿಗೆ ತಲುಪಿ, ಯಾರೂ ಮಾಡದ ಬೆರಕೆ ತಾನಾಗಿ ಹುಟ್ಟಿತ್ತು. ಬಾಳೆಹೊನ್ನೂರಿನವರು ಅದನ್ನು ಎಸ್. 26 ಎಂದು ಗುರುತಿಸಿದರು. ಅದರ ಮರಿ ಎಸ್. 288 ಮತ್ತು ಕೆಂಟ್ಸ್ ಕೂಡಿಸಿ 1940ರ ದಶಕದಲ್ಲಿ ಬಿಡುಗಡೆ ಮಾಡಿದ್ದೇ ಎಸ್. 795. ಚಿಕ್ಕಮಗಳೂರು, ಹಾಸನ, ಕೊಡಗಿನ ಕಡೆ ಅರೇಬಿಕಾ ತೋಟವಿದ್ದವರಿಗೆ ಇದನ್ನು ಪರಿಚಯಿಸಬೇಕಿಲ್ಲ. ಇಂದಿಗೂ ಅಲ್ಲಿ ಹೆಚ್ಚಾಗಿ ಕಾಣುವ ಅರೇಬಿಕಾ ಅದು. ಇದೇ ತಳಿ ಇಂಡೋನೇಷ್ಯಾಕ್ಕೆ ಹೋಗಿ ಅಲ್ಲಿ ಜೆಂಬರ್ ಎಂಬ ಹೆಸರು ಪಡೆಯಿತು. ಡಚ್ಚರು ಮಲಬಾರಿನಿಂದ ಗಿಡ ಒಯ್ದ ಎರಡೂವರೆ ಶತಮಾನದ ಮೇಲೆ ಇಲ್ಲಿನ ಬೀಜ ಮತ್ತೆ ಜಾವಾ ಸೇರಿತು.

ಮುಂದೆ ಟಿಮೋರ್ ದ್ವೀಪದಲ್ಲಿ ಅರೇಬಿಕಾ ಮತ್ತು ರೊಬಸ್ಟಾ ತಾವಾಗಿ ಕೂಡಿ ಹುಟ್ಟಿದ ಗಿಡವೂ, ಹಬಶದಿಂದಲೇ ತಂದ ತಫಾರಿಕೆಲಾ ಎಂಬ ಬಗೆಯೂ ಬಾಳೆಹೊನ್ನೂರಿಗೆ ಬಂದವು. ಎರಡನ್ನೂ ಕೂಡಿಸಿ ಮಾಡಿದ್ದು ಸೆಲೆಕ್ಷನ್ 9. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1964-65ರಲ್ಲಿ ಒಂದು ತಂಡವನ್ನು ಇಥಿಯೋಪಿಯಾದ ಕಾಡುಗಳಿಗೆ ಕಳಿಸಿ ನೂರಾರು ಬಗೆಯ ಕಾಫಿ ಬೀಜ ಆರಿಸಿ ತರಿಸಿತು. ಅವುಗಳಲ್ಲಿ ಒಂದು ಪಾಲು ಭಾರತಕ್ಕೂ ಬಂತು. ಏಳು ಬೀಜ ಬಂದಾಗ ಹಿಂದೆ ಉಳಿದಿದ್ದ ಬಂಧುಗಳು ಮುನ್ನೂರು ವರ್ಷ ತಡವಾಗಿ ಬಂದಂತೆ.

ಆ ಬಂಧುಗಳ ಮನೆಯೇ ಈಗ ಕುಸಿಯುತ್ತಿದೆ. ಜಗತ್ತಿನಲ್ಲಿ ಕಾಫಿ ಕುಲದ 124 ಜಾತಿಗಳಿದ್ದು, ಅವುಗಳಲ್ಲಿ ಶೇ. 60ರಷ್ಟು ಅಳಿವಿನ ಅಪಾಯದಲ್ಲಿವೆ ಎಂದು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ವಿಜ್ಞಾನಿಗಳು 2019ರಲ್ಲಿ ಪ್ರಕಟಿಸಿದರು. ನಾವು ಕುಡಿಯುವುದು ಮುಖ್ಯವಾಗಿ ಎರಡೇ ಜಾತಿ. ಉಳಿದವು ಯಾತಕ್ಕೆ ಎಂದು ಕೇಳುವವರಿಗೆ ಲೈಬೀರಿಕಾದ ಕಥೆಯೇ ಉತ್ತರ.

ನಮ್ಮ ಮಲೆನಾಡಿನಲ್ಲೂ ಸದ್ದಿಲ್ಲದೆ ಒಂದು ಬದಲಾವಣೆ ನಡೆದಿದೆ. ಹಳೆಯ ತೋಟಗಳಲ್ಲಿ ನೆರಳಿಗೆ ಅತ್ತಿ, ಬಸರಿ, ಗೋಣಿ, ಹಲಸು, ನೇರಳೆ, ಬೀಟೆ, ಹೊನ್ನೆ, ಮತ್ತಿ, ನಂದಿ, ನಡುನಡುವೆ ಹಾಲುವಾಣ ಇರುತ್ತಿದ್ದವು. ಹಾಲುವಾಣ ಗಾಳಿಯ ಸಾರಜನಕವನ್ನು ಬೇರಿನ ಗಂಟುಗಳಲ್ಲಿ ಹಿಡಿದು ಮಣ್ಣಿಗೆ ಕೊಡುತ್ತದೆ. ಅತ್ತಿಯ ಬಳಗದ್ದು ಇನ್ನೂ ದೊಡ್ಡ ಉಪಕಾರ. ಪವಿತ್ರ ಕುರ್‌ಆನ್‌ನಲ್ಲಿ ಅಂಜೂರದ ಹೆಸರಿನ ಅಧ್ಯಾಯವೇ ಇದೆ. ನಮ್ಮ ಅತ್ತಿ, ಆಲ, ಬಸರಿ, ಗೋಣಿ ಎಲ್ಲವೂ ಅಂಜೂರದ ಕುಲದವೇ. ಇವುಗಳ ಹೂವು ಕಾಯಿಯ ಒಳಗಡೆಯೇ ಅಡಗಿರುತ್ತದೆ. ಒಂದೊಂದು ಜಾತಿಗೂ ಸಾಮಾನ್ಯವಾಗಿ ಅದರದೇ ಸಣ್ಣ ಕಣಜವೊಂದಿದ್ದು, ಅದು ಕಾಯಿಯ ಬಾಯಿಂದ ಒಳಹೊಕ್ಕು ಪರಾಗ ಮುಟ್ಟಿಸಬೇಕು. ಆ ಕಣಜದ ಸಂತಾನ ಉಳಿಯಬೇಕಾದರೆ ವರ್ಷದ ಎಲ್ಲ ಕಾಲದಲ್ಲೂ ಯಾವುದಾದರೂ ಒಂದು ಮರ ಕಾಯಿ ಬಿಟ್ಟಿರಬೇಕು. ಹೀಗಾಗಿ ಕಾಡಿನಲ್ಲಿ ಬೇರೆ ಹಣ್ಣಿಲ್ಲದ ತಿಂಗಳಲ್ಲೂ ಅತ್ತಿಯ ಬಳಗದಲ್ಲಿ ಹಣ್ಣು ಸಿಗುತ್ತದೆ. ಮಂಗಟ್ಟೆ, ಕುಟ್ರು, ಪಿಕಳಾರ ಹಕ್ಕಿಗಳು, ಬಾವಲಿ, ಪುನುಗು ಬೆಕ್ಕು ಎಲ್ಲವೂ ಅಲ್ಲಿಗೆ ಬರುತ್ತವೆ. ಬಂದವು ಬರಿಗೈಲಿ ಬರುವುದಿಲ್ಲ. ಕಾಡಿನಲ್ಲಿ ತಿಂದ ಹತ್ತು ಮರಗಳ ಬೀಜವನ್ನು ತೋಟದಲ್ಲಿ ಬೀಳಿಸುತ್ತವೆ. ತೋಟದಲ್ಲಿ ತಾನಾಗಿ ಎದ್ದ ನೇರಳೆ ಸಸಿಯನ್ನು ನೆಟ್ಟವರು ಇವೇ.

ಮುಸ್ಲಿಮನೊಬ್ಬ ನೆಟ್ಟ ಗಿಡದಿಂದ ಮನುಷ್ಯನಾಗಲಿ ಹಕ್ಕಿಯಾಗಲಿ ಪ್ರಾಣಿಯಾಗಲಿ ತಿಂದರೆ ಅದು ಅವನ ಪಾಲಿಗೆ ಸದಕವಾಗುತ್ತದೆ ಎಂಬರ್ಥದ ಪ್ರವಾದಿವರ್ಯರ(ಸ) ಮಾತನ್ನು ನಾವು ಜುಮಾ ಖುತ್ಬಾಗಳಲ್ಲಿ ಆಗಾಗ ಕೇಳುತ್ತೇವೆ. ಬುಖಾರಿ ಮತ್ತು ಮುಸ್ಲಿಂ ಎರಡರಲ್ಲೂ ಇರುವ ಹದೀಸ್ ಅದು. ಕೇಳುವಾಗ ನಮ್ಮ ಗಮನ ನೆಟ್ಟವನಿಗೆ ಸಿಗುವ ಪುಣ್ಯದ ಕಡೆಗೇ ಹೋಗುತ್ತದೆ. ಹಕ್ಕಿಯ ಹೆಸರು ಅಲ್ಲಿ ಏಕೆ ಬಂತು ಎಂದು ಒಂದು ಗಳಿಗೆ ನಿಲ್ಲುವುದಿಲ್ಲ.

ಈಗ ಆ ಮರಗಳ ಜಾಗದಲ್ಲಿ ಸಾಲುಸಾಲಾಗಿ ಸಿಲ್ವರ್ ಓಕ್ ನಿಂತಿದೆ. ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ಕಾಂಡ ನೆಟ್ಟಗಿದ್ದು ಕಾಳುಮೆಣಸಿನ ಬಳ್ಳಿ ಹಬ್ಬಿಸಲು ಅನುಕೂಲ, ಮರಗಸಿ ಮಾಡುವ ಕೂಲಿಯೂ ಉಳಿಯುತ್ತದೆ. ಹೂ ಬಿಟ್ಟಾಗ ಜೇನಿಗೆ ಮಕರಂದವೂ ಸಿಗುತ್ತದೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅದರ ಬೀಜ ಒಣಗಿದ ಸಿಪ್ಪೆಯಲ್ಲಿ ರೆಕ್ಕೆ ಕಟ್ಟಿಕೊಂಡು ಗಾಳಿಯಲ್ಲಿ ಹೋಗುವಂಥದ್ದು. ಅದರಲ್ಲಿ ಹಕ್ಕಿ ತಿನ್ನುವ ತಿರುಳಿಲ್ಲ. ಹಣ್ಣಿಲ್ಲದ ಮರಕ್ಕೆ ಮಂಗಟ್ಟೆ ಬರುವುದಿಲ್ಲ, ಮಂಗಟ್ಟೆ ಬಾರದ ತೋಟಕ್ಕೆ ಕಾಡಿನ ಬೀಜವೂ ಬರುವುದಿಲ್ಲ.

ತೋಟಗಾರರನ್ನಷ್ಟೇ ದೂರುವುದು ನ್ಯಾಯವಲ್ಲ. ಕಾಡುಮರ ಕಡಿಯಲು ಅರಣ್ಯ ಇಲಾಖೆಯ ಅನುಮತಿಗೆ ಅಲೆಯಬೇಕು, ಕೆಲವು ಜಮೀನುಗಳಲ್ಲಿ ಅಂಥ ಮರದ ಹಕ್ಕು ಸರ್ಕಾರದ್ದೇ. ಸಿಲ್ವರ್ ಓಕ್‌ಗೆ ಆ ತೊಡಕು ಕಡಿಮೆ. ತಾನು ಸಾಕಿದ ಬೀಟೆ ತನ್ನದಾಗದು, ನೆಟ್ಟ ಸಿಲ್ವರ್ ಓಕ್ ಮಗಳ ಮದುವೆಯ ಖರ್ಚಿಗಾದರೂ ಒದಗುತ್ತದೆ ಎಂದರೆ ಸಣ್ಣ ಹಿಡುವಳಿದಾರ ಯಾವುದನ್ನು ನೆಡುತ್ತಾನೆ? ಕಾಡುಮರ ಉಳಿಯಲೆಂದು ಮಾಡಿದ ನಿಯಮವೇ ಅದನ್ನು ನೆಡದಂತೆ ಮಾಡಿದೆ. ಈ ಪ್ರಶ್ನೆಯನ್ನು ಸಂಘಗಳು, ಸಹಕಾರಿಗಳು, ಜಮಾಅತ್‌ಗಳಲ್ಲಿರುವ ನಮ್ಮ ಬೆಳೆಗಾರರೂ ಎತ್ತಬೇಕು. ಮಸೀದಿ, ಮದ್ರಸಾ, ದರ್ಗಾಗಳಿಗೆ ಸೇರಿದ ವಕ್ಫ್ ಜಮೀನಿನಲ್ಲಿ ಮಾರಾಟದ ಒತ್ತಡವಿಲ್ಲದ ಮೂಲೆಗಳಿರುತ್ತವೆ. ಅಲ್ಲಿ ನಾಲ್ಕು ಅತ್ತಿ, ಎರಡು ಗೋಣಿ ನೆಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಕಾಫಿ ಬೀಜ ಮೊಳೆಯುವುದನ್ನು ನೋಡದವರು ಒಮ್ಮೆ ಸಸಿಮಡಿಯಲ್ಲಿ ನೋಡಬೇಕು. ಬಿತ್ತಿದ ಸುಮಾರು ಒಂದೂವರೆ ತಿಂಗಳಿಗೆ ಕಾಂಡ ಮಣ್ಣಿನಿಂದ ಬಾಗಿ ಏಳುತ್ತದೆ, ಬೀಜವನ್ನು ಟೋಪಿಯಂತೆ ತಲೆಯ ಮೇಲೆ ಹೊತ್ತೇ ನೆಟ್ಟಗಾಗುತ್ತದೆ. ಕೆಲವು ದಿನ ಬಿಟ್ಟು ಟೋಪಿ ಕಳಚಿ ಎರಡು ದುಂಡು ಎಲೆ ಬಿಚ್ಚಿಕೊಳ್ಳುತ್ತವೆ. ಆ ಎಲೆ ಬಿಚ್ಚುವವರೆಗೂ, ಬಿಚ್ಚಿದ ಮೇಲೂ, ಅದರ ಮೇಲೆ ಚಪ್ಪರ ಹಾಕಿರುತ್ತಾರೆ. ಬಿಸಿಲು ನೇರವಾಗಿ ಬೀಳಬಾರದು.